ರೊಟ್ಟಿ ಬಡಿಯುವ ಸಪ್ಪಳ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು ಕಡೆಯ ಓಣಿಗಳಲ್ಲಿ ಮುಂಜಾನೆ ನಡೆದು ಹೋದರೆ ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಗೋಡೆಯ ಈಚೆ ನಿಂತವರಿಗೆ ಅದೆಲ್ಲ ಒಂದೇ ಸಪ್ಪಳ. ಬಡಿಯುವವರ ಕಿವಿಗೆ ಹಾಗಿರುವುದಿಲ್ಲ. ಹಿಟ್ಟು ದಪ್ಪ ಇದ್ದಾಗ ಸದ್ದು ಮಂದ, ತೆಳುವಾಗುತ್ತಾ ಬಂದಂತೆ ಸದ್ದು ಬಿಗಿ. ತಳ ಹಿಡಿಯಿತೋ, ರೊಟ್ಟಿ ತಿರುಗುವುದು ನಿಂತು ಲಯವೇ ಮುರಿದು ಬೀಳುತ್ತದೆ. ದಿನಾ ಮಾಡುವ ಕೆಲಸದಲ್ಲಿ ಖುಷಿ ಎಲ್ಲಿಂದ ಬರುತ್ತದೆ ಎಂಬ ಮಾತನ್ನು ಇವತ್ತು ಈ ರೊಟ್ಟಿಯ ಮುಂದೆ ಕೂತೇ ಆಡೋಣ. ಕೆಲಸ ನಮ್ಮ ಕೈಗೆ ಉತ್ತರ ಕೊಡುತ್ತಲೇ ಇರುತ್ತದೆ. ಆ ಉತ್ತರ ಕೇಳಿಸತೊಡಗಿದ ದಿನದಿಂದ ನಿನ್ನೆಯ ಕೆಲಸವೇ ಇವತ್ತು ಹೊಸದಾಗಿ ಕಾಣುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ.

ಹಿಟ್ಟಿನಿಂದ ಶುರು ಮಾಡೋಣ. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ ತಳಿ, ರೊಟ್ಟಿಗೆ ಹೇಳಿ ಮಾಡಿಸಿದ ಕಾಳು. ಎರೆಭೂಮಿಯ ಹಸಿಯನ್ನೇ ನಂಬಿ ಬೆಳೆದು, ಒಣಹವೆಯಲ್ಲಿ ಬಲಿಯುವುದರಿಂದ ಕಾಳು ಮುತ್ತಿನ ಹಾಗೆ ಸ್ವಚ್ಛ ಇರುತ್ತದೆ. ತೆನೆ ಬಲಿಯುವ ಹೊತ್ತಿಗೆ ಮಳೆಗೆ ಸಿಕ್ಕ ಜೋಳ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ, ಅದರ ರೊಟ್ಟಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಬೀಸಿಸುವಾಗ ಎಂಟು ಹತ್ತು ದಿನಕ್ಕೆ ಸಾಕಾಗುವಷ್ಟೇ ಬೀಸಿಸಿ. ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶವಿದೆ. ಬೀಸಿದ ಮೇಲೆ ಅದಕ್ಕೆ ಗಾಳಿ ತಾಗಿ ಹಿಟ್ಟು ದಿನ ಕಳೆದಂತೆ ಕಮಟು ಹಿಡಿಯುತ್ತದೆ, ಕೈಗೆ ಜಿಗಿ ಸಿಗುವುದಿಲ್ಲ. ಗಿರಣಿಯಿಂದ ತಂದ ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚುವುದೂ ತಪ್ಪು. ಹರವಿ, ಆರಿಸಿ, ಆಮೇಲೆ ತುಂಬಬೇಕು.

ಜಿಗಿ ಅಂದೆ. ಗೋಧಿಯಲ್ಲಿ ಹಿಟ್ಟನ್ನು ಹಿಡಿದು ಎಳೆಯುವ ಅಂಟು ಹುಟ್ಟಿನಿಂದಲೇ ಇದೆ, ಜೋಳಕ್ಕೆ ಅದಿಲ್ಲ. ಅದಕ್ಕೇ ಎಸರು ಬೇಕು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟದಲ್ಲಿ ಒಂದು ಪಾಲು ಬೆಂದು ಗಂಜಿಯ ಹಾಗಾಗುತ್ತದೆ, ಉಳಿದ ಹಿಟ್ಟನ್ನು ಅದೇ ಹಿಡಿದಿಡುತ್ತದೆ. ಎರಡು ಬಟ್ಟಲು ಹಿಟ್ಟಿಗೆ ಹೆಚ್ಚುಕಡಿಮೆ ಒಂದೂಕಾಲು ಬಟ್ಟಲು ನೀರು ಹಿಡಿಯುತ್ತದೆ. ಪರಾತದಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ, ನೀರು ಕೊತಕೊತ ಕುದಿಯುವಾಗ ಹೊಯ್ದು, ಸೌಟಿನಿಂದ ಕಲಸಿ ಎರಡು ನಿಮಿಷ ಮುಚ್ಚಿಡಿ. ನೀರು ಬರೀ ಬೆಚ್ಚಗಿದ್ದರೆ ಗಂಜಿ ಆಗುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚಿನಲ್ಲಿ ಬಿರಿಯುತ್ತದೆ. ಅಳತೆಯೂ ಬರೀ ಅಂದಾಜು. ಹೊಸ ಜೋಳ, ಹಳೆ ಜೋಳ, ಬೇಸಿಗೆ, ಮಳೆಗಾಲ, ಒಂದೊಂದಕ್ಕೂ ನೀರು ಬೇರೆ. ಇಪ್ಪತ್ತು ವರ್ಷ ರೊಟ್ಟಿ ಮಾಡಿದವರೂ ದಿನಾ ಹಿಟ್ಟು ಮುಟ್ಟಿಯೇ ನೀರು ಹಾಕುತ್ತಾರೆ. ಒಂದೇ ಕೆಲಸ ಎಂದು ನಾವು ಹೇಳುವುದು ಹೊರಗಿನಿಂದ ನೋಡಿ.

ನಾದುವುದರಲ್ಲಿ ಅವಸರ ಬೇಡ. ಒಂದು ರೊಟ್ಟಿಗೆ ಎಷ್ಟು ಬೇಕೋ ಅಷ್ಟೇ ಹಿಟ್ಟು ತೆಗೆದುಕೊಂಡು, ಅಂಗೈಯ ಬುಡದಿಂದ ಒತ್ತಿ ಒತ್ತಿ, ಬೇಕಾದಾಗ ನೀರಿನ ಕೈ ಮಾಡಿ ನಾದಬೇಕು. ಎಲ್ಲವನ್ನೂ ಒಮ್ಮೆಲೇ ನಾದಿಟ್ಟರೆ ಕೊನೆಯ ರೊಟ್ಟಿಯ ಹೊತ್ತಿಗೆ ಹಿಟ್ಟು ಆರಿ ಬಿರುಸಾಗಿರುತ್ತದೆ. ಉಂಡೆ ಕಟ್ಟಿ, ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸೀಳು ಬಿಟ್ಟರೆ ಇನ್ನೂ ನಾದಬೇಕು. ಬೆರಳಿಗೆ ಮೆತ್ತಿಕೊಂಡರೆ ನೀರು ಜಾಸ್ತಿಯಾಗಿದೆ. ನುಣ್ಣಗೆ ತಗ್ಗು ಬಿದ್ದು ಹಾಗೇ ನಿಂತರೆ ಹಿಟ್ಟು ತಯಾರು. ಈ ಹೆಬ್ಬೆರಳಿನ ಪರೀಕ್ಷೆ ಕೈಗೆ ಹತ್ತಿದರೆ ಮುಂದಿನ ಅರ್ಧ ಕಷ್ಟ ಅಲ್ಲಿಗೇ ತಪ್ಪುತ್ತದೆ.

ಇನ್ನು ಬಡಿಯುವುದು. ಕೆಳಗೆ ಒಣಹಿಟ್ಟು ಉದುರಿಸಿ, ಉಂಡೆಯನ್ನು ಅಂಗೈಯಿಂದ ತಟ್ಟುತ್ತಾ ಹೋಗಬೇಕು. ಬಲಗೈ ಬಡಿಯುವ ಓರೆಯಲ್ಲೇ ರೊಟ್ಟಿ ತಾನಾಗಿ ತಿರುಗುತ್ತದೆ, ಎಡಗೈ ಬೆರಳು ಅಂಚು ಕಾಯುತ್ತದೆ. ಹೊಸಬರ ಕಣ್ಣು ನಡುವಿನ ಮೇಲಿರುತ್ತದೆ, ಹಾಗಾಗಿ ನಡು ತೆಳುವಾಗಿ ಅಂಚು ದಪ್ಪ ಉಳಿಯುತ್ತದೆ. ಅಂಚು ಮೊದಲು ತೆಳುವಾಗಲಿ, ನಡು ಹೇಗೂ ಆಗುತ್ತದೆ. ತಿರುಗುವುದು ನಿಂತರೆ ಜೋರು ಮಾಡದೆ ಎತ್ತಿ, ಒಂದು ಚಿಟಿಕೆ ಒಣಹಿಟ್ಟು ಹಾಕಿ. ಹೆಚ್ಚು ಹಾಕಿದರೆ ಅದು ಹಂಚಿನ ಮೇಲೆ ಸುಟ್ಟು ಕಹಿಯಾಗುತ್ತದೆ.

ಹಂಚು ಕಾದಿದೆಯೋ ಎಂದು ನೋಡಲು ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಕುಣಿದು ಮಾಯವಾಗಬೇಕು. ಒಣಹಿಟ್ಟು ತಾಗಿದ ಮೈ ಮೇಲೆ ಬರುವ ಹಾಗೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ಅಂಚಿನವರೆಗೆ ನೀರು ಸವರಬೇಕು. ಇಲ್ಲಿಂದ ಒಂದೂವರೆ ನಿಮಿಷ ಕಣ್ಣು ಆಚೀಚೆ ಹೋಗಬಾರದು. ಮೇಲಿನ ನೀರಿನ ಹೊಳಪು ಆರುತ್ತಾ ಬಂದು, ತೇವ ಇನ್ನೂ ಇರುವಾಗ ಮಗುಚಬೇಕು. ಮೊದಲೇ ಮಗುಚಿದರೆ ಹರಿಯುತ್ತದೆ, ತಡವಾದರೆ ಮೇಲಿನ ಪದರ ಒಣಗಿ ಸೀಳುತ್ತದೆ. ಸೀಳಿದ ರೊಟ್ಟಿ ಉಬ್ಬುವುದಿಲ್ಲ. ಎರಡೂ ಮೈ ಬಿಗಿದ ಮೇಲೆ ಒಳಗಿನ ನೀರು ಹಬೆಯಾಗಿ ಪದರ ಬಿಡಿಸಬೇಕು, ಕೂದಲೆಳೆಯಷ್ಟು ಸೀಳಿದ್ದರೂ ಹಬೆ ಅಲ್ಲೇ ಹೊರಟು ಹೋಗುತ್ತದೆ. ಎರಡನೇ ಮೈ ಬೆಂದ ಮೇಲೆ ಕೆಂಡಕ್ಕೋ ಉರಿಗೋ ಹಿಡಿದರೆ ರೊಟ್ಟಿ ಒಂದು ಕಡೆಯಿಂದ ಉಸಿರು ತೆಗೆದುಕೊಳ್ಳುತ್ತದೆ, ಆ ಉಬ್ಬು ಮೆಲ್ಲಗೆ ಆಚೆ ಅಂಚಿನವರೆಗೂ ಸರಿಯುತ್ತದೆ. ನೀರು, ನಾದು, ಅಂಚು, ಉರಿ, ನಾಲ್ಕೂ ಸರಿಯಿತ್ತು ಎಂದು ರೊಟ್ಟಿ ತಾನೇ ಹೇಳುತ್ತದೆ, ಇನ್ನೊಬ್ಬರು ಶಹಬ್ಬಾಸ್ ಅನ್ನುವವರೆಗೆ ಕಾಯಬೇಕಿಲ್ಲ.

‘ಕಾಯಕವೇ ಕೈಲಾಸ’ ಎಂಬ ಮಾತನ್ನು ಬಹಳ ಜನ ಬಸವಣ್ಣನವರದು ಅಂದುಕೊಂಡಿದ್ದಾರೆ. ಅದು ಇರುವುದು 12ನೇ ಶತಮಾನದ ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಕಾಯಕದಲ್ಲಿ ಮುಳುಗಿದಾಗ ಗುರುವೇ ಎದುರು ಬಂದರೂ ಮರೆಯಬೇಕು ಎನ್ನುತ್ತದೆ ಆ ವಚನ. ಬಿದ್ದ ಅಕ್ಕಿ ಆಯ್ದು ಬದುಕಿದವರ ಮಾತದು. ಒಂದೊಂದೇ ಕಾಳಿನ ಮೇಲೆ ಕಣ್ಣಿಟ್ಟವರಿಗೆ ಆ ಮರೆವು ಎಂಥದ್ದೆಂದು ಗೊತ್ತಿತ್ತು. ಹಂಚಿನ ಮುಂದಿನ ಒಂದೂವರೆ ನಿಮಿಷವೂ ಅದೇ ಜಾತಿಯದು.

ಆದರೆ ಖುಷಿಯ ಹೆಸರಿನಲ್ಲಿ ದಣಿವನ್ನು ಮುಚ್ಚಿಡಬಾರದು. ಹತ್ತು ಜನರ ಮನೆಯಲ್ಲಿ ಒಬ್ಬಳೇ ದಿನಾ ಮೂವತ್ತು ರೊಟ್ಟಿ ಬಡಿದರೆ, ಕೊನೆಯ ಹತ್ತರ ಹೊತ್ತಿಗೆ ಅವಳಿಗೆ ರೊಟ್ಟಿಯ ಉತ್ತರ ಕೇಳಿಸುವುದಿಲ್ಲ, ರಟ್ಟೆಯ ನೋವಷ್ಟೇ ಕೇಳಿಸುತ್ತದೆ. ಮುಂಗೈ ಒಂದನ್ನೇ ದುಡಿಸದೆ ಮೊಣಕೈಯಿಂದ ಬಡಿಯಬೇಕು. ನಿಂತು ಮಾಡುವವರ ಕಟ್ಟೆ ಮೊಣಕೈಗಿಂತ ಒಂದು ಗೇಣು ಕೆಳಗಿರಲಿ. ಎತ್ತರವಾದರೆ ಹೆಗಲು ಎತ್ತಿ ಎತ್ತಿ ಕುತ್ತಿಗೆ ಹಿಡಿಯುತ್ತದೆ. ಕಟ್ಟಿಗೆ ಒಲೆಗೆ ಹೊಗೆ ಹೋಗುವ ದಾರಿ ಬೇಕೇ ಬೇಕು. ಎಲ್ಲಕ್ಕಿಂತ ಮುಖ್ಯ, ಒಬ್ಬರು ಬಡಿದರೆ ಇನ್ನೊಬ್ಬರು ಬೇಯಿಸಬೇಕು. ಬೇಯಿಸಲು ಗಂಡಸರೂ ಕೂರಬಹುದು. ಕೂರಲೇಬೇಕು ಅನ್ನುತ್ತೇನೆ ನಾನು.

ಕೂಡಿ ಮಾಡುವ ಈ ರೀತಿ ನಮ್ಮಲ್ಲಿ ಹಳೆಯದೇ. ಬೀಸುವ ಕಲ್ಲಿನ ಎರಡು ಬದಿ ಇಬ್ಬರು ಕೂತು ಬೀಸುವಾಗ ಹುಟ್ಟಿದ ಹಾಡುಗಳೆಷ್ಟೋ! ಗೂಟ ಒಂದು ಸುತ್ತು ಬರುವ ಹೊತ್ತೇ ಆ ಹಾಡುಗಳಿಗೆ ತಾಳ. ಗಿರಣಿ ಬಂದು ಮೈಯ ಭಾರ ಇಳಿಯಿತು, ಅದು ಒಳ್ಳೆಯದೇ ಆಯಿತು. ಹಾಡಿಗೆ ಮಾತ್ರ ಕೂರಲು ಜಾಗ ಹೋಯಿತು. ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂದಾಗ ಆ ಜಾಗ ಮತ್ತೆ ತೆರೆದುಕೊಳ್ಳುತ್ತದೆ. ಸುತ್ತಲ ಹಳ್ಳಿಗಳ ಹೆಂಗಸರು ಗುಂಪಾಗಿ ಕೂತು ದಾಸೋಹಕ್ಕೆ ರೊಟ್ಟಿ ಬಡಿಯುತ್ತಾರೆ, ರೊಟ್ಟಿ ತುಂಬಿದ ಬಂಡಿಗಳು, ಟ್ರ್ಯಾಕ್ಟರುಗಳು ಮಠದ ಹಾದಿ ಹಿಡಿಯುತ್ತವೆ. ಅಂಥ ರೊಟ್ಟಿ ಕಟಕ ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ಕಾವಿಗೆ ಒರಗಿಸಿ ತೇವವೆಲ್ಲ ಹೋಗುವವರೆಗೆ ಒಣಗಿಸಿದರೆ ವಾರಗಟ್ಟಲೆ ಇರುತ್ತದೆ. ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿ ಕಟ್ಟಿದರೆ ಬೆವರಿ ಬೂಷ್ಟು ಬರುತ್ತದೆ.

ಕಲಿಯಬೇಕೆನ್ನುವವರು ಮೊದಲ ವಾರ ದಿನಕ್ಕೆ ಎರಡೇ ರೊಟ್ಟಿ ಮಾಡಿ. ಅಂಗೈಯಷ್ಟು ಅಗಲ ಸಾಕು, ದಪ್ಪ ಇದ್ದರೂ ಸರಿ. ಹಂಚು ಹದಕ್ಕೆ ಬಂದಿರುವುದಿಲ್ಲವಾದ್ದರಿಂದ ಮೊದಲನೆಯದು ಹೆಚ್ಚಾಗಿ ಉಬ್ಬುವುದಿಲ್ಲ. ಬೇಸರ ಬೇಡ, ಬಿಸಿ ಇರುವಾಗಲೇ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಕುಟ್ಟಿ ಅದರಲ್ಲಿ ಹಿಸುಕಿ, ಮೇಲೆ ಎಣ್ಣೆ ಬಿಟ್ಟು ಮುಟಗಿ ಮಾಡಿ. ಕೊನೆಗೆ ಪರಾತದ ಅಂಚಿಗೆ ಅಂಟಿದ ಹಿಟ್ಟನ್ನೆಲ್ಲ ಬಳಿದು ಒಂದು ಪುಟ್ಟ ಉಂಡೆ ಕಟ್ಟಿ, ಪಕ್ಕದಲ್ಲಿ ಕೂತ ಮಗುವಿನ ಕೈಗೆ ಕೊಡಿ. ಬಡಿಯುವುದು ಅದರ ಕೆಲಸ, ಆರುತ್ತಿರುವ ಹಂಚಿನ ಮೇಲೆ ಬೇಯಿಸುವುದು ನಿಮ್ಮ ಕೆಲಸ.

ನಮಸ್ಕಾರ.