ಟೇಪು ಅಳಿಸಿದರು, ಕಾಗದ ಉಳಿಯಿತು

ಕೇಳುಗರೆಲ್ಲರಿಗೂ ನಮಸ್ಕಾರ.

1992ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಪೇಪರ್ ಅಂಗಡಿಗಳಿಗೆ ಒಂದು ಹೊಸ ಪತ್ರಿಕೆ ಬಂತು. ಹೊಸದು ಅಂದರೆ ಪತ್ರಿಕೆ ಹೊಸದು, ಒಳಗಿದ್ದದ್ದು ಬಹುತೇಕ ಹಳೆಯದು. ಇಪ್ಪತ್ತು, ಮೂವತ್ತು ವರ್ಷಗಳ ಹಿಂದೆ ಮಕ್ಕಳ ವಾರಪತ್ರಿಕೆಗಳಲ್ಲಿ ಪುಟ ಪುಟವಾಗಿ ಬಂದು ಮರೆತುಹೋಗಿದ್ದ ಚಿತ್ರಕಥೆಗಳು. ಹೆಸರು ‘ಡಾಕ್ಟರ್ ಹೂ ಕ್ಲಾಸಿಕ್ ಕಾಮಿಕ್ಸ್’. ಮಾರ್ವೆಲ್ ಸಂಸ್ಥೆಯ ಬ್ರಿಟನ್ ಶಾಖೆ ಅದನ್ನು ಹೊರತಂದಿತು. ಸಂಪಾದಕರು ಗ್ಯಾರಿ ರಸೆಲ್. ಎರಡು ವರ್ಷ ನಡೆದು, 27 ಸಂಚಿಕೆಗಳಾದ ಮೇಲೆ 1994ರಲ್ಲಿ ನಿಂತಿತು. ಇಷ್ಟು ಸಣ್ಣ ಆಯಸ್ಸಿನ ಪತ್ರಿಕೆಯ ಬಗ್ಗೆ ಇವತ್ತು ಯಾಕೆ ಮಾತು? ಅದು ಮಾಡಿದ ಕೆಲಸ ದೊಡ್ಡದು ಅಂತ ನಾನು ನಂಬಿದ್ದೇನೆ, ಅದಕ್ಕೆ.

‘ಡಾಕ್ಟರ್ ಹೂ’ ಬಿಬಿಸಿಯ ವೈಜ್ಞಾನಿಕ ಕಥಾ ಧಾರಾವಾಹಿ. ಮೊದಲ ಕಂತು ಬಂದದ್ದು 1963ರ ನವೆಂಬರ್ 23ರಂದು. ಆ ಕಂತನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಕ್ನೋದಲ್ಲಿ. ಡಾಕ್ಟರ್ ಅಂತ ಮಾತ್ರ ಹೆಸರಿರುವ ಒಬ್ಬ ಬೇರೆ ಗ್ರಹದ ಮನುಷ್ಯ, ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯ, ಅಂದರೆ ಬೀದಿಯಿಂದ ಪೊಲೀಸರಿಗೆ ಫೋನ್ ಮಾಡಲು ಇಟ್ಟಿರುತ್ತಿದ್ದ ಗೂಡಿನ, ಹಾಗೆ ಕಾಣುವ ಯಂತ್ರದಲ್ಲಿ ಕಾಲ, ದೇಶ ಎರಡನ್ನೂ ದಾಟಿ ಓಡಾಡುತ್ತಾನೆ. ಸಾಯುವ ಹೊತ್ತು ಬಂದರೆ ಅವನ ಮೈ, ಮುಖ ಎಲ್ಲ ಬದಲಾಗುತ್ತದೆ. ಹೊಸ ನಟ ಬರುತ್ತಾರೆ, ಕಥೆ ಮುಂದುವರಿಯುತ್ತದೆ.

1989ರ ಡಿಸೆಂಬರ್‌ನಲ್ಲಿ ಬಿಬಿಸಿ ಅದನ್ನು ನಿಲ್ಲಿಸಿಬಿಟ್ಟಿತು. ಮತ್ತೆ ಯಾವಾಗ ಅಂತ ಯಾರೂ ಹೇಳಲಿಲ್ಲ. ಆದರೆ ಅಭಿಮಾನಿಗಳಿಗೆ ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. 1960ರ ದಶಕದ ಎಷ್ಟೋ ಕಂತುಗಳು ಬಿಬಿಸಿಯ ಹತ್ತಿರವೇ ಇರಲಿಲ್ಲ! ಆಗ ವಿಡಿಯೋ ಟೇಪು ತುಂಬಾ ದುಬಾರಿ. ಒಂದನ್ನು ಅಳಿಸಿ ಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡುವುದು ಮಾಮೂಲಿ. ನಟರ ಸಂಘದ ಒಪ್ಪಂದಗಳ ಪ್ರಕಾರ ಹಳೆಯದನ್ನು ಮತ್ತೆ ಮತ್ತೆ ತೋರಿಸುವಂತೆಯೂ ಇರಲಿಲ್ಲ. ಬಣ್ಣದ ಟಿವಿ ಬಂದ ಮೇಲೆ ಕಪ್ಪು-ಬಿಳುಪನ್ನು ಯಾರು ಕೊಳ್ಳುತ್ತಾರೆ ಅಂತ ಅನ್ನಿಸಿರಬೇಕು. ಹೀಗೆ ಹೋದ ಕಂತುಗಳಲ್ಲಿ 90ಕ್ಕೂ ಹೆಚ್ಚು ಇನ್ನೂ ಸಿಕ್ಕಿಲ್ಲ.

ಟಿವಿಯವರೇ ಹೀಗೆ ಮಾಡಿದ ಮೇಲೆ, ಆ ಧಾರಾವಾಹಿಯ ಹೆಸರಲ್ಲಿ ಬಂದ ಅಗ್ಗದ ಚಿತ್ರಕಥೆಗಳನ್ನು ಯಾರು ಜೋಪಾನ ಮಾಡುತ್ತಾರೆ ಹೇಳಿ? ಆದರೂ ಅವು ಉಳಿದವು. ಮನೆಯ ಅಟ್ಟದಲ್ಲಿ, ಸಂಗ್ರಹಕಾರರ ಪೆಟ್ಟಿಗೆಯಲ್ಲಿ ಉಳಿದವು. ಟೇಪು ಒಂದೋ ಎರಡೋ ಇರುತ್ತಿತ್ತು. ವಾರಪತ್ರಿಕೆ ಸಾವಿರಾರು ಮನೆ ಸೇರಿತ್ತು.

ಮೊದಲ ಚಿತ್ರಕಥೆ 1964ರ ನವೆಂಬರ್‌ನಲ್ಲಿ ‘ಟಿವಿ ಕಾಮಿಕ್’ ಅನ್ನುವ ವಾರಪತ್ರಿಕೆಯಲ್ಲಿ ಶುರುವಾಯಿತು. ಬರೆದ ಕಲಾವಿದ ನೆವಿಲ್ ಮೇನ್. ಟಿವಿಯಲ್ಲಿ ಡಾಕ್ಟರ್ ಜೊತೆ ಇದ್ದ ಯಾರೂ ಇಲ್ಲಿರಲಿಲ್ಲ. ಬದಲಿಗೆ ಜಾನ್, ಜಿಲಿಯನ್ ಅಂತ ಇಬ್ಬರು ಮೊಮ್ಮಕ್ಕಳು ಅವನಿಗೆ ಹುಟ್ಟಿಕೊಂಡರು! ಟಿವಿಯಲ್ಲಿ ಇವರ ಸುಳಿವೇ ಇಲ್ಲ. 1965ರ ಕ್ರಿಸ್‌ಮಸ್‌ಗೆ ಡಾಕ್ಟರ್ ಈ ಮಕ್ಕಳ ಜೊತೆ ಸಾಂಟಾಕ್ಲಾಸ್‌ನ ಸಹಾಯಕ್ಕೇ ಹೋಗುತ್ತಾನೆ. ಇದೆಂಥ ವಿಜ್ಞಾನ ಅಂತ ಗಂಭೀರ ಅಭಿಮಾನಿಗಳು ಮುಖ ಸಿಂಡರಿಸಿದ್ದುಂಟು. ನನಗೆ ಇಂಥ ಕಥೆಗಳೇ ಜಾಸ್ತಿ ಇಷ್ಟ. ಏಳೆಂಟು ವರ್ಷದ ಓದುಗರಿಗಾಗಿ, ವಾರಕ್ಕೆ ಒಂದೆರಡು ಪುಟದಲ್ಲಿ, ಯಾವ ಹಂಗೂ ಇಲ್ಲದೆ ಬರೆದ ಕಥೆಗಳು ಅವು.

ಇನ್ನೊಂದು ಸ್ವಾರಸ್ಯ ಕೇಳಿ. ಡಾಕ್ಟರ್‌ನ ಪರಮ ಶತ್ರುಗಳು ಡಾಲೆಕ್‌ಗಳು. ಲೋಹದ ಕವಚದೊಳಗೆ ಕೂತ ಜೀವಿಗಳು, ಎದುರಿಗೆ ಸಿಕ್ಕವರನ್ನೆಲ್ಲ ಮುಗಿಸುತ್ತವೆ. ಆದರೆ ಅವುಗಳ ಹಕ್ಕಿನಲ್ಲಿ ಅವನ್ನು ಸೃಷ್ಟಿಸಿದ ಲೇಖಕ ಟೆರ್ರಿ ನೇಶನ್ ಅವರ ಪಾಲಿತ್ತು. ‘ಟಿವಿ ಕಾಮಿಕ್’ಗೆ ಅವು ಸಿಗಲಿಲ್ಲ. ಹಾಗಾಗಿ ಅಲ್ಲಿ ‘ಟ್ರಾಡ್’ ಅನ್ನುವ ರೋಬೋಗಳು ಬಂದವು, ಡಾಲೆಕ್‌ಗಳ ಜಾಗ ತುಂಬುವುದಕ್ಕೆ. 1967ರಲ್ಲಿ ಕೊನೆಗೂ ಡಾಲೆಕ್‌ಗಳು ಆ ಪತ್ರಿಕೆಗೆ ದಕ್ಕಿದವು. ಬಂದ ಕೂಡಲೇ ಏನು ಮಾಡಿದವು ಗೊತ್ತಾ? ಟ್ರಾಡ್‌ಗಳನ್ನು ನಾಶ ಮಾಡಿಬಿಟ್ಟವು. ಹಕ್ಕಿನ ಜಗಳ ಮುಗಿದದ್ದು ಕಥೆಯೊಳಗೇ ಕಾಣುತ್ತದೆ, ಅಲ್ವಾ?

ಈಗ ನನ್ನ ಮೆಚ್ಚಿನ ಕಥೆಗೆ ಬರುತ್ತೇನೆ. 1969ರ ಜೂನ್‌ನಲ್ಲಿ ಟಿವಿಯಲ್ಲಿ ಎರಡನೇ ಡಾಕ್ಟರ್ ಪ್ಯಾಟ್ರಿಕ್ ಟ್ರೌಟನ್ ಅವರ ಕಾಲ ಮುಗಿಯಿತು. ಸ್ವಂತ ಕುಲದವರೇ ಅವನಿಗೆ ಶಿಕ್ಷೆ ಕೊಡುತ್ತಾರೆ: ಮುಖ ಬದಲಾಗಬೇಕು, ಭೂಮಿಗೆ ಗಡೀಪಾರು. ಮೂರನೇ ಡಾಕ್ಟರ್ ಟಿವಿಗೆ ಬಂದದ್ದು 1970ರ ಜನವರಿಯಲ್ಲಿ. ಅಷ್ಟು ತಿಂಗಳು ವಾರಪತ್ರಿಕೆ ಸುಮ್ನೆ ಕೂರೋ ಹಾಗಿಲ್ಲ. ಹಾಗಾಗಿ ಹಳೆಯ ಮುಖದ ಡಾಕ್ಟರ್ ಲಂಡನ್ನಿನ ಒಂದು ದೊಡ್ಡ ಹೋಟೆಲಿನಲ್ಲಿ ಠಿಕಾಣಿ ಹೂಡುತ್ತಾನೆ. ಶಿಕ್ಷೆಯ ಅರ್ಧ ಭಾಗ ಬಾಕಿ ಇದೆ ಅನ್ನುವುದು ಓದುಗರಿಗೂ ಗೊತ್ತು. ಕೊನೆಗೆ ಹೊಲದಲ್ಲಿ ನಿಂತ ಬೆರ್ಚಪ್ಪಗಳು ರಾತ್ರಿ ನಡೆದಾಡುತ್ತವೆ ಅನ್ನುವ ಸುದ್ದಿಯ ಬೆನ್ನು ಹತ್ತಿ ಹೋಗುತ್ತಾನೆ. ಆ ಬೆರ್ಚಪ್ಪಗಳನ್ನು ಕಳಿಸಿದ್ದು ಅವನ ಕುಲದವರೇ. ಅವು ಅವನನ್ನು ಹಿಡಿದು ಅವನದೇ ನೀಲಿ ಪೆಟ್ಟಿಗೆಯೊಳಗೆ ಹಾಕುತ್ತವೆ. ಮುಖ ಬದಲಾಗುತ್ತದೆ.

ಟಿವಿ ಬಿಟ್ಟ ಸಂದಿಯಲ್ಲಿ ಒಂದು ಮಕ್ಕಳ ಪತ್ರಿಕೆ ಎಷ್ಟು ಚೆನ್ನಾಗಿ ಕಥೆ ಹೂಡಿದೆ ನೋಡಿ. ಶಿಕ್ಷೆಗೂ ಮುಖ ಬದಲಾಗುವುದಕ್ಕೂ ನಡುವೆ ಡಾಕ್ಟರ್‌ಗೆ ಇನ್ನೊಂದು ಬದುಕು ಇತ್ತು ಅಂತ ಅಭಿಮಾನಿಗಳು ಮುಂದೆ ದೊಡ್ಡ ವಾದವನ್ನೇ ಕಟ್ಟಿದರು. ‘ಕ್ಲಾಸಿಕ್ ಕಾಮಿಕ್ಸ್’ನಂಥ ಪತ್ರಿಕೆ ಇಂಥ ಕಥೆಗಳನ್ನು ಮತ್ತೆ ಕೈಗೆ ಕೊಟ್ಟಿದ್ದಕ್ಕೇ ಹೊಸ ಓದುಗರೂ ಆ ವಾದಕ್ಕೆ ಇಳಿಯಲು ಸಾಧ್ಯವಾಯಿತು.

ಮರುಮುದ್ರಣ ಅಂದರೆ ಸುಲಭದ ಕೆಲಸ ಅನ್ನಿಸುತ್ತದೆ. ಅಲ್ಲ. ಅದನ್ನು ಕೆಟ್ಟದಾಗಿಯೂ ಮಾಡಬಹುದು. 1970ರ ದಶಕದ ಕೊನೆಗೆ ‘ಟಿವಿ ಕಾಮಿಕ್’ ತನ್ನದೇ ಹಳೆಯ ಕಥೆಗಳನ್ನು ಮತ್ತೆ ಹಾಕಿತು. ಆಗ ಡಾಕ್ಟರ್ ಪಾತ್ರದಲ್ಲಿದ್ದವರು ಟಾಮ್ ಬೇಕರ್. ಹಾಗಾಗಿ ಹಳೆಯ ಡಾಕ್ಟರ್‌ಗಳ ಮೈ ಹಾಗೇ ಇಟ್ಟು, ಮೇಲೆ ಬೇಕರ್ ತಲೆ ಬರೆದರು! ‘ಕ್ಲಾಸಿಕ್ ಕಾಮಿಕ್ಸ್’ ಹಾಗೆ ಮಾಡಲಿಲ್ಲ. ಯಾರ ಕಥೆಯೋ ಅವರ ಮುಖದಲ್ಲೇ ಬಂತು.

ಒಂದು ವಿಷಯದಲ್ಲಿ ಮಾತ್ರ ನನಗೆ ಒಪ್ಪಿಗೆ ಇಲ್ಲ. ಕಪ್ಪು-ಬಿಳುಪಿನ ಎಷ್ಟೋ ಕಥೆಗಳಿಗೆ ಅವರು ಹೊಸದಾಗಿ ಬಣ್ಣ ಹಾಕಿಸಿದರು. 1992ರಲ್ಲಿ ಅಂಗಡಿಯಲ್ಲಿ ಪತ್ರಿಕೆ ಮಾರಾಟವಾಗಬೇಕಲ್ಲ, ಆ ಒತ್ತಡ ಅರ್ಥವಾಗುತ್ತದೆ. ಆದರೆ ಕಪ್ಪು ಶಾಯಿಯಲ್ಲೇ ಮುಗಿಯಬೇಕು ಅಂತ ಬರೆದ ಚಿತ್ರದಲ್ಲಿ ನೆರಳನ್ನೂ ಕತ್ತಲನ್ನೂ ಗೆರೆಯೇ ತೋರಿಸುತ್ತಿರುತ್ತದೆ. ಅದರ ಮೇಲೆ ನೀಲಿ, ಹಳದಿ ತುಂಬಿದರೆ ಗೆರೆಗಳು ಕೆಲಸವಿಲ್ಲದೆ ನಿಂತುಬಿಡುತ್ತವೆ. ನಡೆದಾಡುವ ಬೆರ್ಚಪ್ಪನಿಗೆ ಕತ್ತಲೇ ಬೇಕು.

ಮೊದಲೇ ಬಣ್ಣಕ್ಕೆಂದು ಬರೆದ ಕಥೆಗಳ ಮಾತು ಬೇರೆ. 1971ರಲ್ಲಿ ಶುರುವಾದ ‘ಕೌಂಟ್‌ಡೌನ್’ ವಾರಪತ್ರಿಕೆಯಲ್ಲಿ ಹ್ಯಾರಿ ಲಿಂಡ್‌ಫೀಲ್ಡ್, ಜೆರ್ರಿ ಹೇಲಾಕ್ ಬರೆದ ಮೂರನೇ ಡಾಕ್ಟರ್ ಚಿತ್ರಗಳನ್ನು ಇವತ್ತು ನೋಡಿದರೂ ಕಣ್ಣು ತಣಿಯುತ್ತದೆ. ಡಾಲೆಕ್‌ಗಳಿಗೆ 1965ರಿಂದ 1967ರವರೆಗೆ ‘ಟಿವಿ ಸೆಂಚುರಿ 21’ ಪತ್ರಿಕೆಯ ಹಿಂಬದಿ ಪುಟವೇ ಮೀಸಲಾಗಿತ್ತು. ವಾರಕ್ಕೆ ಒಂದು ಪುಟ, ಒಟ್ಟು 104 ಪುಟ. ಅಲ್ಲಿ ಡಾಕ್ಟರ್ ಇಲ್ಲ. ಡಾಲೆಕ್‌ಗಳೇ ನಾಯಕರು. ಗುಂಡು ತಲೆಯ ಬಂಗಾರದ ಬಣ್ಣದ ಚಕ್ರವರ್ತಿ ಅವುಗಳನ್ನು ಆಳುತ್ತಾನೆ. ರಿಚರ್ಡ್ ಜೆನ್ನಿಂಗ್ಸ್, ಎರಿಕ್ ಈಡನ್ ಬರೆದ ಮೇಲೆ ರಾನ್ ಟರ್ನರ್ ಕೈಗೆ ಬಂದಾಗ ಆ ಪುಟ ಇನ್ನೊಂದು ಎತ್ತರಕ್ಕೆ ಹೋಯಿತು. 1994ರಲ್ಲಿ ಇದೂ ಬೇರೆಯಾಗಿ ಒಂದು ವಿಶೇಷ ಸಂಚಿಕೆಯಲ್ಲಿ ಮರುಮುದ್ರಣವಾಯಿತು.

ನಮ್ಮಲ್ಲಿ 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಫ್ಯಾಂಟಮ್, ಮಾಂಡ್ರೇಕ್ ಜೊತೆ ಅಂತರಿಕ್ಷದ ಫ್ಲ್ಯಾಶ್ ಗೋರ್ಡನ್ ಕೂಡ ಬಂದ. ಆ ಕನ್ನಡ ಸಂಚಿಕೆಗಳು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಲಂಡನ್ನಿನವರಿಗೂ ಕೊನೆಗೆ ಆಸರೆಯಾದದ್ದು ಇಂಥ ಮನೆಗಳೇ.

ಮಾರ್ವೆಲ್‌ನ ಈ ಶಾಖೆ ಮುಂದೆ ಪಾನಿನಿ ಸಂಸ್ಥೆಯ ಕೈಸೇರಿತು. 1979ರಲ್ಲಿ ಶುರುವಾಗಿದ್ದ ‘ಡಾಕ್ಟರ್ ಹೂ ವೀಕ್ಲಿ’ಯ ಚಿತ್ರಕಥೆಗಳನ್ನು ಅವರು 2004ರಿಂದ ದಪ್ಪ ಸಂಪುಟಗಳಾಗಿ ತರತೊಡಗಿದರು. ಮೊದಲ ಸಂಪುಟದಲ್ಲಿರುವುದು ಪ್ಯಾಟ್ ಮಿಲ್ಸ್, ಜಾನ್ ವ್ಯಾಗ್ನರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿದ ಕಥೆ. ರೋಮ್ ಸಾಮ್ರಾಜ್ಯ ಬೀಳದೇ ಉಳಿದು, ಅದರ ರೋಬೋ ಸೈನಿಕರು ಇಂಗ್ಲೆಂಡಿನ ಹಳ್ಳಿಯೊಂದಕ್ಕೆ ನುಗ್ಗುತ್ತಾರೆ. ಈ ಸಲ ಯಾರೂ ಬಣ್ಣ ಹಾಕಲಿಲ್ಲ. ಗಿಬ್ಬನ್ಸ್ ಹೇಗೆ ಬರೆದಿದ್ದರೋ ಹಾಗೇ, ಕಪ್ಪು-ಬಿಳುಪಿನಲ್ಲೇ ಅಚ್ಚು ಹಾಕಿದರು. ಹುಡುಕಿ ಓದಿ.

ನಮಸ್ಕಾರ.