ಕಾರಿನ ಗೇರ್ ಇಳಿಯುವಾಗ ಜಗ್ಗಿದರೆ

ಕೇಳುಗರಿಗೆ ನಮಸ್ಕಾರ. ಬಳಸಿದ ಹಳೆಯ ಕಾರನ್ನು ಕೊಂಡವರು, ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಳಗಿನ ಗೇರಿಗೆ ಇಳಿಯುವಾಗ ಜಗ್ಗುತ್ತದೆ, ತಡಮಾಡುತ್ತದೆ ಅಥವಾ ಇಳಿಯುವುದೇ ಇಲ್ಲ ಎಂದು ಹೇಳಿದರೆ, ಗೇರ್‌ಬಾಕ್ಸನ್ನೇ ಬಿಚ್ಚಿಸಬೇಕೆಂಬ ಸಲಹೆ ಬಹುಬೇಗ ಸಿಗುತ್ತದೆ. ಆ ತೀರ್ಮಾನಕ್ಕೆ ಅಷ್ಟು ಅವಸರ ಬೇಡ. ದೋಷ ಯಾವ ಸಂದರ್ಭದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದೇ ಅದರ ಮೂಲ ಎಲ್ಲಿರಬಹುದೆಂಬ ಸುಳಿವನ್ನು ಕೊಡುತ್ತದೆ.

ಮುಂದಿನ ವಾಹನವನ್ನು ಹಿಂದಿಕ್ಕಲು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಗೇರ್ ಇಳಿಯದಿದ್ದರೆ, ಚಾಲಕ ಎಷ್ಟು ಒತ್ತಿದ್ದಾನೆಂಬ ಸುದ್ದಿಯೇ ಗೇರ್‌ಬಾಕ್ಸಿಗೆ ತಲುಪುತ್ತಿಲ್ಲವೆಂಬ ಅನುಮಾನ ಮೊದಲು ಬರಬೇಕು. ತೀರ ಹಳೆಯ ಕಾರುಗಳಲ್ಲಿ ಈ ಸುದ್ದಿಯನ್ನು ಒಂದು ಕೇಬಲ್ ಒಯ್ಯುತ್ತದೆ, ಅದು ಸಡಿಲಗೊಂಡಿರಬಹುದು. ನಂತರದ ಕಾರುಗಳಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಕವಾಟ ಎಷ್ಟು ತೆರೆದಿದೆಯೆಂದು ಅಳೆಯುವ ಥ್ರಾಟಲ್ ಪೊಸಿಷನ್ ಸೆನ್ಸರ್ ಸವೆದು ತಪ್ಪು ಅಳತೆ ಕೊಡುತ್ತಿರಬಹುದು. ಪೆಡಲಿನ ಅಡಿಗೆ ಸರಿದ ದಪ್ಪ ಮ್ಯಾಟ್ ಕೂಡ ಇದೇ ತೊಂದರೆಯನ್ನು ತರಬಲ್ಲದು, ಅದನ್ನು ನೋಡಲು ಖರ್ಚೇನೂ ಇಲ್ಲ.

ಕಾಲು ತೆಗೆದು ನಿಧಾನವಾಗಿ ನಿಲ್ಲಿಸುವಾಗ ಧಡ್ ಎಂಬ ಸದ್ದು ಬರುವುದು ಬೇರೆಯದೇ ಕಥೆ. ಎಂಜಿನ್ನಿನ ಐಡಲ್ ವೇಗ, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗ ಅದು ತಿರುಗುವ ವೇಗ, ಹೆಚ್ಚಾಗಿದ್ದರೆ ಅಥವಾ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹಿಡಿದಿಡುವ ರಬ್ಬರ್ ಮೌಂಟುಗಳು ಹರಿದಿದ್ದರೆ, ಆರೋಗ್ಯವಾಗಿರುವ ಗೇರ್‌ಬಾಕ್ಸ್ ಕೂಡ ಹಾಗೆಯೇ ಸದ್ದು ಮಾಡುತ್ತದೆ. ನಿಲ್ಲುವ ಹೊತ್ತಿಗೆ ಎಂಜಿನ್ ನಡುಗಿ ಬಂದ್ ಆದರೆ, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲಿ, ಎರಡನ್ನೂ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ ಬಿಡುತ್ತಿಲ್ಲದಿರಬಹುದು. ಗೇರ್ ಇಳಿಯುವಾಗ ಎಂಜಿನ್ ಮಾತ್ರ ರೊಯ್ಯನೆ ಏರಿ ಆಮೇಲೆ ಗೇರ್ ಹಿಡಿದರೆ, ಒಳಗಿನ ಕ್ಲಚ್ ಜಾರುತ್ತಿದೆ ಅಥವಾ ಎಣ್ಣೆಯ ಒತ್ತಡ ಸಾಲುತ್ತಿಲ್ಲ. ಎಂಜಿನ್ ಬಿಸಿಯಾದ ಮೇಲಷ್ಟೇ ಕಾಣುವ ದೋಷವಾದರೆ ಸವೆದ ಸೀಲುಗಳನ್ನೂ ಎಣ್ಣೆಯ ಹರಿವನ್ನು ನಿಯಂತ್ರಿಸುವ ವಿದ್ಯುತ್ ಕವಾಟಗಳಾದ ಸೊಲೆನಾಯ್ಡ್‌ಗಳನ್ನೂ ಶಂಕಿಸಬಹುದು.

ಗೇರ್‌ಬಾಕ್ಸಿನ ಎಣ್ಣೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಹಳಷ್ಟು ಕಾರುಗಳಲ್ಲಿ ಎಂಜಿನ್ ಬಿಸಿಯಾಗಿ, ಗೇರ್ ಲಿವರ್ ಪಾರ್ಕಿಂಗ್ ಸ್ಥಾನದಲ್ಲಿದ್ದು, ಎಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿ ನೋಡಬೇಕು. ಇನ್ನು ಕೆಲವಕ್ಕೆ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ. ಹಾಗಾಗಿ ಕಾರಿನ ಕೈಪಿಡಿ ಹೇಳಿದಂತೆಯೇ ನಡೆಯಬೇಕು. ಗೇರ್‌ಬಾಕ್ಸ್ ಎಣ್ಣೆ ಎಂಜಿನ್ ಎಣ್ಣೆಯಂತೆ ಉರಿದು ಕಡಿಮೆಯಾಗುವುದಿಲ್ಲ, ಆದ್ದರಿಂದ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ. ಮಟ್ಟ ಇಳಿದಾಗ ಪಂಪು ಗಾಳಿಯನ್ನೂ ಎಳೆದುಕೊಂಡು ಎಣ್ಣೆ ನೊರೆಯಾಗುತ್ತದೆ, ಒತ್ತಡ ಕುಸಿದು ಗೇರ್ ತಡವಾಗಿ ಹಿಡಿಯುತ್ತದೆ. ಕೆಂಪು ಎಣ್ಣೆ ಕಾಲಕ್ರಮದಲ್ಲಿ ಕಂದಾಗುವುದು ಸಹಜ, ಕಪ್ಪಾಗಿ ಸುಟ್ಟ ವಾಸನೆ ಬರುವುದು ಸಹಜವಲ್ಲ.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಜೋಡಿಸಿದಾಗ ಪಿ0700 ಎಂಬ ಕೋಡ್ ಒಂದೇ ಕಂಡರೆ, ಗೇರ್‌ಬಾಕ್ಸಿನ ನಿಯಂತ್ರಕದಲ್ಲಿ ಬೇರೊಂದು ಕೋಡ್ ಇದೆಯೆಂದಷ್ಟೇ ತಿಳಿಯಬೇಕು, ಅದನ್ನು ಓದಬಲ್ಲ ಸ್ಕ್ಯಾನರನ್ನು ತರಿಸಬೇಕು. ಪಿ0750 ಬಂದರೆ ಅದು ಒಂದು ಶಿಫ್ಟ್ ಸೊಲೆನಾಯ್ಡಿನತ್ತ ಬೆರಳು ಮಾಡುತ್ತದೆ, ಆದರೂ ಅದನ್ನು ಬದಲಿಸುವ ಮುನ್ನ ಕನೆಕ್ಟರನ್ನೂ ವೈರನ್ನೂ ಪರೀಕ್ಷಿಸಬೇಕು. ಪಿ0731ರಿಂದ ಪಿ0735ರವರೆಗಿನ ಕೋಡುಗಳು ಗೇರಿನ ಅನುಪಾತ ತಪ್ಪಿದೆಯೆಂದು ಹೇಳುತ್ತವೆ, ಅಂದರೆ ಕ್ಲಚ್ ಜಾರುತ್ತಿರುವ ಸಾಧ್ಯತೆ ಹೆಚ್ಚು.

ಆಗ ಗೇರ್‌ಬಾಕ್ಸಿನ ಕೆಳಗಿನ ಪ್ಯಾನನ್ನು ಇಳಿಸಿ ನೋಡುವುದು ಒಳ್ಳೆಯದು. ಅದರೊಳಗಿನ ಅಯಸ್ಕಾಂತಕ್ಕೆ ನುಣುಪಾದ ಬೂದು ಲೇಪ ಅಂಟಿದ್ದರೆ ಅದು ಸಾಮಾನ್ಯ ಸವೆತ. ಲೋಹದ ಚೂರುಗಳೋ ಕ್ಲಚ್ಚಿನ ಕಪ್ಪು ಪುಡಿ ರಾಶಿಯಾಗಿಯೋ ಸಿಕ್ಕರೆ, ಗೇರ್‌ಬಾಕ್ಸನ್ನು ಬಿಚ್ಚಿಸಬೇಕೆಂಬ ಸಲಹೆಯನ್ನು ಒಪ್ಪಬಹುದು.