ಕುದುರೆ ಬದಲಿಸುವ ಮನೆ

ಕೇಳುಗರಿಗೆ ನಮಸ್ಕಾರ. ಇವತ್ತು ಕೋಚಿಂಗ್ ಇನ್ ಬಗ್ಗೆ ಮಾತಾಡುತ್ತೇನೆ ಅಂದಾಗ ಪಕ್ಕದ ಮನೆಯವರು, "ಸಿಇಟಿ ಕೋಚಿಂಗಾ ಸಾರ್?" ಅಂದರು. ಅಲ್ಲ ಮಾರಾಯರೇ! ಇಲ್ಲಿ ಕೋಚ್ ಅಂದರೆ ನಾಲ್ಕು ಕುದುರೆ ಎಳೆಯುವ ಸಾರೋಟು. ಅದು ನಿಲ್ಲುವ ಜಾಗ ಕೋಚಿಂಗ್ ಇನ್.

ಹಾಗಾದರೆ ನಮ್ಮ ಛತ್ರದ ಹಾಗೆ ಅಲ್ವಾ ಅಂತೀರಿ. ಅಲ್ಲ. ಛತ್ರ ಇರುವುದು ಮನುಷ್ಯರು ಮಲಗಲಿಕ್ಕೆ. ಇಲ್ಲೂ ಪ್ರಯಾಣಿಕರಿಗೆ ಊಟ, ಹಾಸಿಗೆ ಸಿಗುತ್ತಿತ್ತು, ಆದರೆ ಇದರ ವಿಶೇಷ ಕುದುರೆ ಬದಲಿಸುವುದು. ಇದೊಂದು ನೆನಪಿಟ್ಟುಕೊಳ್ಳಿ, ಸಾಕು.

ಇಂಗ್ಲೆಂಡಿನಲ್ಲಿ ಸ್ಟಿಲ್ಟನ್ ಅಂತ ಒಂದು ಹಳ್ಳಿ. ಲಂಡನ್ನಿನಿಂದ ಉತ್ತರಕ್ಕೆ ಎಡಿನ್‌ಬರೋಗೆ ಹೋಗುವ ಹಳೇ ಹೆದ್ದಾರಿಯಲ್ಲಿ ಸುಮಾರು 110 ಕಿಲೋಮೀಟರ್. ಅಲ್ಲಿದೆ ಬೆಲ್ ಇನ್. 17ನೇ ಶತಮಾನದ ಕಲ್ಲಿನ ಕಟ್ಟಡ, ರಸ್ತೆಗೆ ಚಾಚಿಕೊಂಡ ದೊಡ್ಡ ತಾಮ್ರದ ಗಂಟೆಯ ಫಲಕ, ನಡುವೆ ಕಮಾನು. ಸಾರೋಟು ಆ ಕಮಾನಿನೊಳಗೆ ನುಗ್ಗಬೇಕು. ಒಳಗೆ ಅಂಗಳ, ಲಾಯ. ಬೆವರಿ ಹಬೆಯಾಡುವ ಕುದುರೆಗಳನ್ನು ಬಿಚ್ಚು, ಹೊಸ ಕುದುರೆ ಕಟ್ಟು, ಹೊರಡು! ಸಾರೋಟಿನ ಕುದುರೆಗಳು ಸುಮಾರು 16 ಕಿಲೋಮೀಟರಿಗೆ ಸುಸ್ತಾಗುತ್ತಿದ್ದವು. ಹಾಗಾಗಿ ದಾರಿಯುದ್ದಕ್ಕೂ ಇಂಥ ಮನೆಗಳು.

ಈ ಬೆಲ್ ಇನ್ನಿನ ಯಜಮಾನ ಕೂಪರ್ ಥಾರ್ನ್‌ಹಿಲ್. ನನಗೆ ಬಹಳ ಇಷ್ಟವಾದ ಮನುಷ್ಯ. 1745ರಲ್ಲಿ ಒಂದು ಬಾಜಿ ಕಟ್ಟಿದ. ಸ್ಟಿಲ್ಟನ್ನಿನಿಂದ ಲಂಡನ್ನಿಗೆ ಹೋಗುತ್ತೇನೆ, ವಾಪಸ್ ಬರುತ್ತೇನೆ, ಮತ್ತೆ ಲಂಡನ್ನಿಗೆ ಹೋಗುತ್ತೇನೆ, ಎಲ್ಲ 15 ಗಂಟೆಯೊಳಗೆ! ಒಟ್ಟು 213 ಮೈಲಿ. ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಗಳೂರಿಗೆ, ಕುದುರೆಯ ಬೆನ್ನ ಮೇಲೆ. ಬೆಳಗಿನ ಜಾವ ಹೊರಟ. ಸುಮಾರು 12 ಗಂಟೆಯಲ್ಲಿ ಮುಗಿಸಿಬಿಟ್ಟ. ಗಂಟೆಗೆ 28 ಕಿಲೋಮೀಟರ್ ಲೆಕ್ಕ. ಶಿರಾಡಿ ಘಾಟಿಯಲ್ಲಿ ಲಾರಿ ಸಾಲಿನ ಹಿಂದೆ ಸಿಕ್ಕಿಕೊಂಡ ನಮ್ಮ ಬಸ್ಸಿಗೂ ಒಮ್ಮೊಮ್ಮೆ ಆ ವೇಗ ಸಿಗುವುದಿಲ್ಲ!

ಎಂಥ ಸವಾರ ಅಂತ ಎಲ್ಲರೂ ಹೊಗಳುತ್ತಾರೆ. ಸವಾರ ನಿಜ. ಆದರೆ ಒಂದೇ ಕುದುರೆ ಅಷ್ಟು ಓಡೀತೇ? ದಾರಿಯಲ್ಲಿ ಅಲ್ಲಲ್ಲಿ ಹೊಸ ಕುದುರೆಗಳು ಜೀನು ಹಾಕಿಕೊಂಡು ಕಾಯುತ್ತಿದ್ದವು. ಇಳಿ, ಹತ್ತು, ಓಡು. ನಾನು ಆಗಲೇ ಹೇಳಿದೆನಲ್ಲ, ಕುದುರೆ ಬದಲಿಸುವುದು!

ಓಹೋ, ಗಡಿಯಾರ ತೋರಿಸುತ್ತಿದ್ದಾರೆ. ಇನ್ನು ಓಡಿಸಿಕೊಂಡು ಹೇಳುತ್ತೇನೆ. ಇದೇ ಥಾರ್ನ್‌ಹಿಲ್ ಪ್ರಯಾಣಿಕರಿಗೆ ನೀಲಿ ಗೆರೆಯ ಚೀಸ್ ಮಾರಿ ಊರಿನ ಹೆಸರನ್ನು ಇನ್ನಷ್ಟು ಹಬ್ಬಿಸಿದ. 1850ರಲ್ಲಿ ರೈಲು ಬಂತು, ಸ್ಟಿಲ್ಟನ್ನನ್ನು ಬಿಟ್ಟು ಪೀಟರ್‌ಬರೋ ಮೇಲೆ ಹೋಯಿತು. ಉಗಿಬಂಡಿಗೆ ಕುದುರೆ ಯಾಕೆ? ಲಾಯ ಖಾಲಿ. ಇನ್ ಸೊರಗಿತು. ಬಹಳ ಕಾಲದ ನಂತರ ದುರಸ್ತಿಯಾಗಿ ಮತ್ತೆ ಹೋಟೆಲಾಯಿತು.

ಆ ಚೀಸಿನ ಹೆಸರು ಸ್ಟಿಲ್ಟನ್. ಆದರೆ ಈಗಿನ ನಿಯಮದ ಪ್ರಕಾರ ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಈ ಮೂರು ಜಿಲ್ಲೆಗಳಲ್ಲಿ ಮಾತ್ರ ಅದನ್ನು ತಯಾರಿಸಬಹುದು. ಸ್ಟಿಲ್ಟನ್ ಹಳ್ಳಿ ಆ ಮೂರರಲ್ಲೂ ಇಲ್ಲ! ಅದರ ಜಗಳ ಹೇಳಲು ಇನ್ನೊಂದು ದಿನ ಕರೆದರೆ ಬರುತ್ತೇನೆ. ನಮಸ್ಕಾರ.